ಕಾಣದ ಹಸಿವಿಗೊಂದು ಅಳತೆಗೋಲು

ಹಸಿವಿನಲ್ಲಿ ಎರಡು ಬಗೆ. ಹೊಟ್ಟೆಯ ಹಸಿವು ತಾನೇ ಕೂಗಿ ಹೇಳುತ್ತದೆ. ರಕ್ತದ ಹಸಿವಿಗೆ ಬಾಯಿಲ್ಲ. ಹೊಟ್ಟೆ ತುಂಬ ಉಂಡವರ ದೇಹದಲ್ಲಿಯೂ ಜೀವಸತ್ವಗಳ ಕೊರತೆ ಅಡಗಿರಬಹುದು. 2016ರಿಂದ 2018ರವರೆಗೆ ನಮ್ಮ ದೇಶದಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯು, 10ರಿಂದ 19 ವರ್ಷ ವಯಸ್ಸಿನವರಲ್ಲಿ ಶೇಕಡ 31ರಷ್ಟು ಮಂದಿಗೆ ಬಿ12 ಜೀವಸತ್ವದ ಕೊರತೆಯೂ ಶೇಕಡ 37ರಷ್ಟು ಮಂದಿಗೆ ಫೋಲೇಟ್ ಎಂಬ ಜೀವಸತ್ವದ ಕೊರತೆಯೂ ಇರುವುದನ್ನು ಕಂಡಿತು. ಇದು ನಿಮ್ಮದೇ ವಯಸ್ಸಿನವರ ಲೆಕ್ಕ. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು! ಆ ಒಬ್ಬರು ಯಾರೆಂಬುದನ್ನು ಮುಖ ನೋಡಿ ಹೇಳುವಂತಿಲ್ಲ.

ಕಣ್ಣಿನ ಸಾಕ್ಷಿ ಇಲ್ಲಿ ಸಾಲದೆಂಬುದನ್ನು ಹಾವೇರಿ ಜಿಲ್ಲೆಯವರಿಗೆ ಬ್ಯಾಡಗಿಯ ಮೆಣಸಿನಕಾಯಿಯೇ ತಿಳಿಸಿಕೊಡುತ್ತದೆ. ಹಸಿಯ ಮೆಣಸಿನಕಾಯಿಯಲ್ಲಿ ಸಿ ಜೀವಸತ್ವ ಹೇರಳವಾಗಿರುತ್ತದೆ. ಹಂಗೆರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿಯವರು 1930ರ ದಶಕದಲ್ಲಿ ಆ ಜೀವಸತ್ವವನ್ನು ದೊಡ್ಡ ಪ್ರಮಾಣದಲ್ಲಿ ಬೇರ್ಪಡಿಸಿದ್ದು ತಮ್ಮ ನಾಡಿನ ಮೆಣಸಿನಕಾಯಿಯಿಂದಲೇ. 1937ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಕಾಯಿ ಬಿಸಿಲಿನಲ್ಲಿ ಒಣಗುವಾಗ ಆ ಸತ್ವದ ಬಹುಭಾಗ ನಷ್ಟವಾಗುತ್ತದೆ. ಕೆಂಪು ಬಣ್ಣ ಉಳಿಯುತ್ತದೆ, ಸತ್ವ ಹೋಗುತ್ತದೆ. ನೋಡುವವರಿಗೆ ಅದರ ಸುಳಿವೂ ಸಿಗುವುದಿಲ್ಲ.

ಹಾಗಾದರೆ ಕಾಣದುದನ್ನು ಅಳೆಯುವುದು ಹೇಗೆ? ವಿದ್ಯುತ್ತಿನಿಂದ ಅಳೆಯಬಹುದು. ದ್ರಾವಣದಲ್ಲಿ ಹರಿಯುವ ವಿದ್ಯುತ್ತನ್ನು ಅಳೆದು ಅದರೊಳಗಿನ ವಸ್ತುಗಳನ್ನು ಗುರುತಿಸುವ ವಿಧಾನವೊಂದನ್ನು ಪ್ರಾಗ್ ನಗರದ ಯಾರೊಸ್ಲಾವ್ ಹೈರೋವ್‌ಸ್ಕಿಯವರು 1922ರಲ್ಲಿ ಕಂಡುಹಿಡಿದರು; 1959ರಲ್ಲಿ ನೊಬೆಲ್ ಪಾರಿತೋಷಕವನ್ನೂ ಪಡೆದರು. ಇಂದಿನ ವಿದ್ಯುದ್ರಾಸಾಯನಿಕ ಸಂವೇದಕಗಳು ಅದೇ ದಾರಿಯಲ್ಲಿ ಮುಂದುವರಿದಿವೆ. ಗ್ರಾಫೈಟ್ ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಸಣ್ಣ ನಳಿಗೆಯಲ್ಲಿ ತುಂಬಿದರೆ ಒಂದು ವಿದ್ಯುದ್ವಾರ ಸಿದ್ಧವಾಗುತ್ತದೆ. ಅದಕ್ಕೆ ತಕ್ಕಷ್ಟು ವಿಭವವನ್ನು ಕೊಟ್ಟಾಗ ಸಿ ಜೀವಸತ್ವದ ಪ್ರತಿ ಅಣುವೂ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಜೀವಸತ್ವ ಹೆಚ್ಚಿದಷ್ಟೂ ವಿದ್ಯುತ್ಪ್ರವಾಹ ಹೆಚ್ಚುತ್ತದೆ.

ಕೆಲಸ ಮಾತ್ರ ಇಷ್ಟು ಸುಲಭವಲ್ಲ. ರಕ್ತದಲ್ಲಿರುವ ಯೂರಿಕ್ ಆಮ್ಲವೂ ಹೆಚ್ಚುಕಡಿಮೆ ಅದೇ ವಿಭವದಲ್ಲಿ ಎಲೆಕ್ಟ್ರಾನುಗಳನ್ನು ಬಿಡುತ್ತದೆ. ಸಂತೆಯ ಗದ್ದಲದಲ್ಲಿ ಒಬ್ಬರ ದನಿ ಇನ್ನೊಬ್ಬರ ದನಿಯಲ್ಲಿ ಕಲೆತುಹೋಗುವಂತೆ ಎರಡರ ಸಂಕೇತಗಳೂ ಬೆರೆತುಹೋಗುತ್ತವೆ. ವಿದ್ಯುದ್ವಾರದ ಮೇಲೆ ತಕ್ಕ ಲೇಪವನ್ನು ಕೊಟ್ಟು ಅವನ್ನು ಬೇರ್ಪಡಿಸಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿಯೂ ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜಿನಲ್ಲಿಯೂ ಇಂಥ ವಿದ್ಯುದ್ವಾರಗಳ ಮೇಲೆ ಸಂಶೋಧನೆ ನಡೆದಿದೆ. ಬಿ12ರ ಮಾತು ಇನ್ನೂ ಕಠಿಣ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ, ಅಂಥ ಕೆಲವು ನೂರು ಪಾಲುಗಳಷ್ಟು ಬಿ12 ಮಾತ್ರ ಒಂದು ಮಿಲಿಲೀಟರ್ ರಕ್ತದ್ರವದಲ್ಲಿರುತ್ತದೆ.

ಇಷ್ಟು ಸೂಕ್ಷ್ಮವಾದ ಅಳತೆಗೆ ಬೇಕಾದ ದೊಡ್ಡ ಯಂತ್ರಗಳು ಸಾಮಾನ್ಯವಾಗಿ ಪಟ್ಟಣಗಳಲ್ಲಿರುತ್ತವೆ. ಕುಪ್ಪೇಲೂರಿನಂಥ ಹಳ್ಳಿಯಲ್ಲಿ ಕೂಲಿ ಮಾಡುವ ತಾಯಿ ಮಗನನ್ನು ಪರೀಕ್ಷೆಗೆ ಕರೆದೊಯ್ಯಬೇಕಾದರೆ ಒಂದು ದಿನದ ಕೂಲಿಯನ್ನು ಬಿಡಬೇಕು. ಬಸ್ಸಿನ ವೆಚ್ಚವನ್ನೂ ಪರೀಕ್ಷೆಯ ವೆಚ್ಚವನ್ನೂ ಹೊಂದಿಸಬೇಕು. ಆದ್ದರಿಂದ ಪರೀಕ್ಷೆ ಮುಂದೆ ಹೋಗುತ್ತದೆ. ಇತ್ತ ತರಗತಿಯಲ್ಲಿ ಆ ಹುಡುಗನಿಗೆ 'ಸೋಮಾರಿ' ಎಂಬ ಹೆಸರು ಬೀಳುತ್ತದೆ. ಬಿ12 ಮತ್ತು ಫೋಲೇಟಿನ ಕೊರತೆಯಿಂದ ರಕ್ತಹೀನತೆಯೂ ಆಯಾಸವೂ ಉಂಟಾಗುತ್ತವೆಂಬುದು ವೈದ್ಯರಿಗೆ ತಿಳಿದ ವಿಷಯ. ಅಳೆಯದೆ ಬಿಟ್ಟ ಕೊರತೆಗೆ ಮಗುವಿನ ಸ್ವಭಾವವನ್ನು ದೂರುವುದು ಅನ್ಯಾಯ. ರೋಗಿಯು ಅಳತೆಯ ಬಳಿಗೆ ಹೋಗುವ ಬದಲು ಅಳತೆಯೇ ಊರಿಗೆ ಬರಬೇಕೆಂಬುದು ನನ್ನ ಅಭಿಪ್ರಾಯ. ರಕ್ತದ ಸಕ್ಕರೆಯನ್ನು ಅಳೆಯುವ ಅಂಗೈಯಗಲದ ಉಪಕರಣ ಇದೇ ತತ್ತ್ವದಿಂದ ಹುಟ್ಟಿ ಮನೆಮನೆಯನ್ನು ಸೇರಿದೆ. ಜೀವಸತ್ವದ ಸಂವೇದಕವೂ ಹಳ್ಳಿಯ ಆರೋಗ್ಯ ಕೇಂದ್ರವನ್ನು ಸೇರಬೇಕು.

"ಊಟ ಬಲ್ಲವನಿಗೆ ರೋಗವಿಲ್ಲ, ಯಂತ್ರವೇಕೆ?" ಎಂದು ಕೆಲವರು ಕೇಳಬಹುದು. ಗಾದೆ ಸುಳ್ಳಲ್ಲ. ಆದರೆ ಊಟವನ್ನು ಬಲ್ಲವರಾಗಬೇಕಾದರೆ ಅದರಲ್ಲಿ ಯಾವುದು ಕಡಿಮೆಯೆಂಬುದು ತಿಳಿದಿರಬೇಕಷ್ಟೆ. ಜೋಳದ ರೊಟ್ಟಿ, ಕೆಂಪು ಚಟ್ನಿ ಹೊಟ್ಟೆ ತುಂಬಿಸುತ್ತವೆ. ಬಿ12 ಬೇಕಾದರೆ ಹಾಲನ್ನೋ ಮೊಟ್ಟೆಯನ್ನೋ, ಫೋಲೇಟ್ ಬೇಕಾದರೆ ಸೊಪ್ಪು ಕಾಳುಗಳನ್ನೋ ಸೇರಿಸಿಕೊಳ್ಳಬೇಕು. ಅವು ತಟ್ಟೆಗೆ ಬರುವಂತೆ ಮಾಡುವುದು ಯಂತ್ರದಿಂದಾಗದು. ಮನೆಯವರೂ ಶಾಲೆಯೂ ಸರ್ಕಾರವೂ ಸೇರಿ ಮಾಡಬೇಕಾದ ಕೆಲಸವದು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಪ್ರಯೋಗಾಲಯದ ಶುದ್ಧ ದ್ರಾವಣದಲ್ಲಿ ಗೆದ್ದ ಸಂವೇದಕವು ನಿಜವಾದ ರಕ್ತದಲ್ಲಿಯೂ ಗೆಲ್ಲಬೇಕು. ನಂಬಿಕೆಗೆ ಅರ್ಹವಾದ ಹಳೆಯ ವಿಧಾನದೊಡನೆ ಅದರ ಫಲಿತಾಂಶವನ್ನು ಹೋಲಿಸಿ ನೋಡದೆ ಹಳ್ಳಿಗೆ ಕಳುಹಿಸಬಾರದು. ತಪ್ಪು ತಕ್ಕಡಿ ತಕ್ಕಡಿಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ವಿದ್ಯಾರ್ಥಿಗಳೇ, ಆ ತಕ್ಕಡಿಯನ್ನು ಸರಿಪಡಿಸುವ ಕೆಲಸ ಇನ್ನೂ ಮುಗಿದಿಲ್ಲ. ನಿಮ್ಮಲ್ಲಿ ಕೆಲವರು ನಾಳೆ ರಸಾಯನಶಾಸ್ತ್ರವನ್ನು ಓದುವಿರಿ. ಆಗ ನಿಮ್ಮ ಸಂಶೋಧನೆ ಗ್ರಂಥಾಲಯದ ಕಪಾಟಿನಲ್ಲಿಯೇ ನಿಲ್ಲದೆ, ಬಾಯಿಲ್ಲದ ಹಸಿವಿಗೆ ಬಾಯಾಗಲಿ.