ಸಾಮ್ರಾಜ್ಯ ಒಡೆಯದೇ ಇದ್ದಿದ್ದರೆ ನಮಗೇನು ಸಿಗುತ್ತಿತ್ತು?

ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ, ಹಾಸ್ಟೆಲ್ಲಿನ ಊಟದ ಸಾಲಿನಲ್ಲಿ, ನಮ್ಮ ಕೋರದ ಟೀ ಅಂಗಡಿ ಬೆಂಚಿನ ಮೇಲೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತೆ: 'ವಿಜಯನಗರ ಒಡೀದೇ ಇದ್ದಿದ್ರೆ ನಾವು ಎಲ್ಲಿರ್ತಿದ್ವಿ ಗೊತ್ತಾ!' ನಮ್ಮ ಕೇರಿಯ ಹುಡುಗರೂ ಹೌದು ಹೌದು ಅಂತ ತಲೆ ಆಡಿಸುತ್ತಾರೆ. ನಾವು ಕೇಳುವುದು ಇಷ್ಟೇ. ಈ 'ನಾವು' ಅನ್ನುವುದರಲ್ಲಿ ನಾವಿದ್ದೇವೆಯೇ?

ಮೊದಲು ಅದು ಒಡೆದದ್ದು ಹೇಗೆ ಅಂತ ನೋಡೋಣ. 1565ರ ರಕ್ಕಸತಂಗಡಿ ಯುದ್ಧಕ್ಕೇ ಎಲ್ಲರೂ ಕಥೆ ಮುಗಿಸುತ್ತಾರೆ. ಮುಗಿದಿರಲಿಲ್ಲ. ಪೆನುಕೊಂಡ, ಚಂದ್ರಗಿರಿ, ವೇಲೂರು ಅಂತ ಗದ್ದುಗೆ ಸರಿಸಿಕೊಂಡು ಇನ್ನೂ ಆಳುತ್ತಲೇ ಇದ್ದರು. 1614ರಲ್ಲಿ ವೆಂಕಟಪತಿರಾಯ ಸತ್ತ. ಪಟ್ಟಕ್ಕೆ ಬಂದ ಶ್ರೀರಂಗನನ್ನು ರಾಣಿ ಕಡೆಯ ಜಗ್ಗರಾಯ ಸೆರೆಗೆ ಹಾಕಿ, ಸಂಸಾರ ಸಮೇತ ಮುಗಿಸಿದ. ಕೊಂದವರು ಯಾವ ಸುಲ್ತಾನರೂ ಅಲ್ಲ, ಮನೆಯವರೇ. ಯಾಚಮನಾಯಕ ಎದುರು ನಿಂತ. ಮಧುರೆಯ ನಾಯಕ ಜಗ್ಗರಾಯನ ಕಡೆ, ತಂಜಾವೂರಿನ ನಾಯಕ ಯಾಚಮನ ಕಡೆ. ತೋಪೂರಿನ ಕಾಳಗದಲ್ಲಿ ಜಗ್ಗರಾಯ ಸತ್ತ. ಆದರೆ ಗೆದ್ದವರ ಕೈಗೂ ಇಡೀ ರಾಜ್ಯ ಸಿಗಲಿಲ್ಲ.

ಆ ಸಂಸಾರದಲ್ಲಿ ಉಳಿದವನು ರಾಮ ಅನ್ನುವ ಹುಡುಗ. ಅವನನ್ನು ಸೆರೆಯಿಂದ ಹೊರಗೆ ತಂದವನು ಅರಮನೆ ಬಟ್ಟೆ ಒಗೆಯುವ ಅಗಸ. ಬಟ್ಟೆ ಗಂಟಿನಲ್ಲಿ ಕಟ್ಟಿಕೊಂಡು, ಕಾವಲಿನವರ ಕಣ್ಣೆದುರೇ ತಂದ. ಆಗ ಇಲ್ಲಿದ್ದ ಪಾದ್ರಿ ಬರ್ರಾದಸ್ 1616ರಲ್ಲಿ ಹೀಗೆ ಬರೆದಿದ್ದಾನೆ. ಗಂಟಿನೊಳಗಿದ್ದವನು ರಾಮದೇವರಾಯನಾದ. ಹೊತ್ತವನು ಪುಸ್ತಕಗಳಲ್ಲಿ ಇವತ್ತಿಗೂ ಬರೀ 'ಅಗಸ'. ತಲೆ ಹೋಗುವ ಕೆಲಸ ಮಾಡಿದವನಿಗೆ ಒಂದು ಹೆಸರೂ ಇಲ್ಲ!

ಇನ್ನು ಒಡೆದ ಚೂರುಗಳು. ಮೈಸೂರಿನ ರಾಜ ಒಡೆಯರು 1610ರಲ್ಲೇ ಶ್ರೀರಂಗಪಟ್ಟಣ ಹಿಡಿದಿದ್ದರು. ಇಕ್ಕೇರಿ, ಚಿತ್ರದುರ್ಗ, ಮಾಗಡಿ ತಮ್ಮ ತಮ್ಮ ಪಾಡಿಗೆ ಬೆಳೆದವು. ನಮ್ಮ ಸುತ್ತ ಗುಬ್ಬಿ ಸೀಮೆಯ ಹಾಗಲವಾಡಿಯಲ್ಲಿ, ಆಚೆ ಮಧುಗಿರಿಯಲ್ಲಿ ಪಾಳೆಯಗಾರರು. ಶಿರಾ ಬಿಜಾಪುರದವರದಾಯಿತು, 1687ರಲ್ಲಿ ಮೊಗಲರ ಸುಬಾ ಆಯಿತು, ಆಮೇಲೆ ಹೈದರನದು. ಎಷ್ಟು ಬಾವುಟ ಇಳಿದವು, ಎಷ್ಟು ಏರಿದವು! ತೋಟಿ ಮಾತ್ರ ತೋಟಿಯಾಗಿಯೇ ಉಳಿದ. ಸತ್ತ ದನ ಹೊರುವವನು, ಓಲೆ ಹೊತ್ತು ಓಡುವವನು, ಬಿಟ್ಟಿ ಬೀಳುವವನು ಎಲ್ಲ ಆಳ್ವಿಕೆಯಲ್ಲೂ ಅವನೇ.

ಇನ್ನೊಂದು ಕೇಳಿ. ಮೈಸೂರು ಸೀಮೆಯಲ್ಲಿ ಗಡಿ ಜಗಳ ಬಂದರೆ ತೀರ್ಮಾನ ಹೇಳುತ್ತಿದ್ದವನು ನಮ್ಮ ಕುಳುವಾಡಿ. ಊರಿನ ಮಣ್ಣಿನ ಉಂಡೆ ತಲೆ ಮೇಲೆ ಹೊತ್ತು ಅವನು ನಡೆದದ್ದೇ ಎಲ್ಲೆ. ಊರಿಗೆಲ್ಲ ಗಡಿ ತೋರಿಸಿದವನಿಗೆ ತನ್ನದು ಅನ್ನುವ ಹೊಲ ಎಷ್ಟಿತ್ತು? ಚಾಕರಿಗೆ ಅಂತ ಬಿಟ್ಟ ಇನಾಮ್ತಿ ತುಂಡು.

ಆ ತುಂಡಿನ ಗತಿಯೇನಾಯಿತು? 1961ರ ಗ್ರಾಮ ಹುದ್ದೆ ರದ್ದತಿ ಕಾಯಿದೆ ಚಾಕರಿ ತೆಗೆಯಿತು. ಜಮೀನನ್ನು ಹಣ ಕಟ್ಟಿಸಿಕೊಂಡು ಚಾಕರಿ ಮಾಡಿದವನಿಗೇ ಮರುಮಂಜೂರು ಮಾಡಬೇಕು ಅಂದಿತು. ಕಟ್ಟಲು ದುಡ್ಡೆಲ್ಲಿ? ಕಾಗದ ಓದಲು ಅಕ್ಷರವೆಲ್ಲಿ? 1978ರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾಯಿದೆ ಬಂತು. ಒಳ್ಳೆಯದೇ. ಆದರೆ ವಂಶಪಾರಂಪರ್ಯ ಹುದ್ದೆಗೆ ಸೇರಿದ ಜಮೀನನ್ನು ಅದು ಹೊರಗಿಟ್ಟಿತು. ಮುನ್ನೂರು ವರ್ಷ ಹೊತ್ತವನನ್ನೇ ಬಾಗಿಲಾಚೆ ನಿಲ್ಲಿಸಿದ ಹಾಗಾಯಿತು.

ಆದ್ದರಿಂದ ಗೆಳೆಯರೇ, 'ಇದ್ದಿದ್ದರೆ' ಅಂತ ಕೇಳುವುದಾದರೆ ನಮ್ಮ 'ಇದ್ದಿದ್ದರೆ'ಯನ್ನೇ ಕೇಳೋಣ. ಆ ಮರುಮಂಜೂರಿ ಕಾಗದ ಪ್ರತಿಯೊಬ್ಬ ತೋಟಿಯ ಕೈ ಸೇರಿ, ಹೊಲ ಅವನ ಹತ್ತಿರವೇ ಉಳಿದಿದ್ದರೆ? ಕೋರ, ಗುಬ್ಬಿ, ಕುಣಿಗಲ್ಲಿನಲ್ಲಿ ನಮ್ಮ ಅವ್ವಂದಿರು ಕೂಲಿ ಕೇಳಿಕೊಂಡು ಇನ್ನೊಬ್ಬರ ಹೊಲದ ಬದುವಿನ ಮೇಲೆ ನಿಲ್ಲುತ್ತಿದ್ದರೇ?

ಈ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮೂರಲ್ಲಿ ತೋಟಿ, ತಳವಾರಿಕೆ ಇನಾಮ್ತಿ ಯಾವ ಸರ್ವೆ ನಂಬರಿನಲ್ಲಿತ್ತು ಅಂತ ಹಿರೀಕರನ್ನು ಕೇಳಿ. ತಾಲೂಕು ಕಚೇರಿಗೆ ಹೋಗಿ ಹಳೆ ಪಹಣಿ, ಮರುಮಂಜೂರಿ ಆದೇಶದ ನಕಲಿಗೆ ಅರ್ಜಿ ಹಾಕಿ. ಒಬ್ಬೊಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ. ಮುಂದಿನ ಸಭೆಗೆ ಆ ನಕಲು ತನ್ನಿ. ನಾವು ಕೂತು ಓದೋಣ. ಈ ಸಲ ಹೊತ್ತವರ ಹೆಸರು ಮೊದಲು ಬರೆಯೋಣ.