ನೆಲದಿಂದ ಏಳುವ ಬಲ

ನವನಗರದ ಯಾವುದಾದರೂ ಸೆಕ್ಟರಿನಲ್ಲಿ ಅಕ್ಕನ ಬಳಗದ ಪ್ರಾರ್ಥನೆಗೆ ಹೋಗಿ ನೋಡಿ. ಇಷ್ಟಲಿಂಗ ಪೂಜೆಗೆ ಜಮಖಾನೆ ಹಾಸಿರುತ್ತದೆ, ಹಿಂದೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು ಇರುತ್ತದೆ. ಕುರ್ಚಿಯಲ್ಲಿ ಕುಳಿತು ಲಿಂಗ ನಿರೀಕ್ಷಿಸುವುದು ತಪ್ಪಲ್ಲ. ಆದರೆ ಅರವತ್ತು ದಾಟದ ತಾಯಂದಿರೂ "ಕೂತರ ಏಳಾಕ ಆಗೂದಿಲ್ರೀ" ಎನ್ನುವುದನ್ನು ವಯಸ್ಸಿನ ಸಹಜ ಧರ್ಮವೆಂದು ನಾವೆಲ್ಲ ಒಪ್ಪಿಕೊಂಡಿದ್ದೇವಲ್ಲ, ಅದು ತಪ್ಪು.

ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆ ಬಿಟ್ಟು ಬಂದವರ ಊರು ಇದು. ಬೀಸುಕಲ್ಲು, ಒನಕೆ, ಬಾವಿಯ ಹಗ್ಗ ಒಂದೆರಡು ತಲೆಮಾರಿನಲ್ಲಿ ಮನೆಯಿಂದ ಹೊರಟುಹೋದವು. ಹೋದದ್ದು ಒಳ್ಳೆಯದೇ. ಅವು ಹೆಣ್ಣಿನ ಬೆನ್ನು ಮುರಿದ ದುಡಿಮೆ. ಆದರೆ ತೋಳು-ತೊಡೆಗಳಿಗೆ ಸಿಗುತ್ತಿದ್ದ ಭಾರವೂ ಅವುಗಳೊಡನೆ ಹೋಯಿತು. ಅದರ ಜಾಗಕ್ಕೆ ಬೇರೇನೂ ಬರಲಿಲ್ಲ.

"ಮನೆಗೆಲಸವೇ ವ್ಯಾಯಾಮ" ಎನ್ನುವವರಿದ್ದಾರೆ. ಮನೆಗೆಲಸ ದಣಿಸುತ್ತದೆ, ಬಲ ಕೊಡುವುದು ಕಡಿಮೆ. ಇಳಕಲ್ಲಿನ ನೇಕಾರ ತಾಯಿ ದಿನವಿಡೀ ಕಂಡಿಕೆ ಸುತ್ತಿದರೆ ಮಣಿಕಟ್ಟು ನೋಯುತ್ತದೆ, ತೊಡೆಗೆ ಕೆಲಸವೇ ಇರುವುದಿಲ್ಲ. ಸ್ನಾಯು ಗಟ್ಟಿಯಾಗುವುದು ಭಾರ ಮೆಲ್ಲಮೆಲ್ಲನೆ ಹೆಚ್ಚಿದಾಗ, ನಡುವೆ ವಿಶ್ರಾಂತಿ ಸಿಕ್ಕಾಗ.

ನಡುವಯಸ್ಸಿನಿಂದಲೇ ಸ್ನಾಯು ಕರಗತೊಡಗುತ್ತದೆ. ಮುಟ್ಟು ನಿಂತ ಮೇಲೆ ಮೂಳೆಯೂ ಬೇಗ ಟೊಳ್ಳಾಗುತ್ತದೆ. ಬಚ್ಚಲಲ್ಲಿ ಒಮ್ಮೆ ಜಾರಿ ಸೊಂಟದ ಮೂಳೆ ಮುರಿದರೆ, ಮನೆಯನ್ನೆಲ್ಲ ಹೊತ್ತವಳು ಮಂಚ ಹಿಡಿಯುತ್ತಾಳೆ. ಆದರೆ ಹೋದ ಬಲ ಮರಳುತ್ತದೆ. 1990ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿ ವೃದ್ಧರಿಗೆ 8 ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದ ವರದಿ ಪ್ರಕಟವಾಯಿತು. ಕೊನೆಯವರೆಗೆ ಮಾಡಿದವರ ಕಾಲಿನ ಬಲ ಸರಾಸರಿ ಎರಡು ಪಟ್ಟಿಗೂ ಮೀರಿತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ವಯಸ್ಕರೆಲ್ಲರೂ ವಾರಕ್ಕೆ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದಿದೆ.

ಶರಣರು ದೇಹವನ್ನು ಹೀನವೆಂದು ಬಗೆಯಲಿಲ್ಲ, ದೇವರ ಮನೆಯೆಂದರು. ಕಾಯದಿಂದಲೇ ಕಾಯಕ. ಹೆಣ್ಣಿಗೂ ಲಿಂಗ ಕೊಟ್ಟ ಧರ್ಮ ನಮ್ಮದು. ಆದರೂ ಗರಡಿಮನೆಯನ್ನು ಗಂಡಸರಿಗೆ ಬಿಟ್ಟು, ಹೆಣ್ಣುಮಕ್ಕಳಿಗೆ ಸೋಮವಾರದ ಉಪವಾಸ ಉಳಿಸಿದ್ದೇವೆ. ಶರಣರು ಒಲ್ಲೆನೆಂದ ವ್ರತಗಳು ನಮ್ಮ ಅಡುಗೆಮನೆಯಲ್ಲಿ ಇನ್ನೂ ಬದುಕಿವೆ. ದಾಸೋಹದಲ್ಲಿ ಎಲ್ಲರಿಗೂ ಬಡಿಸಿದ ತಾಯಿ ಕೊನೆಗೆ ಉಳಿದ ಅನ್ನ-ಸಾರು ಉಣ್ಣುತ್ತಾಳೆ. ಕಾಳಿನ ಪಲ್ಯ, ಬೇಳೆ, ಮೊಸರು, ಶೇಂಗಾ ಅವಳ ಎಲೆಗೂ ಬೀಳದೆ ವ್ಯಾಯಾಮವೊಂದೇ ಸ್ನಾಯು ಕಟ್ಟಲಾರದು.

ಇದಕ್ಕೆ ಜಿಮ್ ಬೇಕಿಲ್ಲ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂಡುವುದು, ಗೋಡೆಗೆ ಅಂಗೈ ಒತ್ತಿ ಬಾಗಿ ನೇರವಾಗುವುದು, ಹಿಮ್ಮಡಿ ಎತ್ತಿ ನಿಲ್ಲುವುದು, 2 ಕಿಲೋ ಜೋಳದ ಚೀಲ ಎತ್ತಿ ಇಳಿಸುವುದು. ಸುಲಭವೆನಿಸಿದಾಗ ಚೀಲಕ್ಕೆ ಅರ್ಧ ಕಿಲೋ ಸೇರಿಸುವುದು. ಉಸಿರು ಬಿಗಿಹಿಡಿಯಬಾರದು. ರಕ್ತದೊತ್ತಡ, ಹೃದಯದ ತೊಂದರೆ, ಮೂಳೆ ಸವೆತ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು.

ಪೂಜ್ಯರಲ್ಲಿ ನಮ್ಮ ಬಿನ್ನಹ ಇಷ್ಟೇ. ಮಠದ ಸಭಾಭವನವನ್ನು ವಾರಕ್ಕೆ ಎರಡು ದಿನ, ಒಂದೊಂದು ಗಂಟೆ ತಾಯಂದಿರ ವ್ಯಾಯಾಮಕ್ಕೆ ಬಿಟ್ಟುಕೊಡಿ. "ಈ ವಯಸ್ಸಿನಾಗ ಪೈಲ್ವಾನ್ ಆಗಬೇಕೇನು?" ಎಂದು ನಗುವವರು ಮಠದ ಅಂಗಳದಲ್ಲಿ ನಗಲಾರರು.

ಇಳಕಲ್ಲಿನ ಡಾ. ಮಹಾಂತ ಅಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟು, ಕಾಸು ಕೇಳದೆ ದುಶ್ಚಟಗಳನ್ನು ಬೇಡಿದರು. ಇಂದು ಅದೇ ಜೋಳಿಗೆ ನಮ್ಮ ತಾಯಂದಿರ ಮುಂದೆ ಬಂದರೆ ಹಾಕಲು ಒಂದು ಮಾತಿದೆ: "ಇನ್ನ ನಂದೇನೈತಿ, ವಯಸ್ಸಾತು."

ಅದನ್ನು ಹಾಕಿಬಿಡಿ, ತಾಯಂದಿರೇ. ಜಮಖಾನೆಯ ಮೇಲೆ ಕುಳಿತು ಪೂಜೆ ಮುಗಿಸಿ, ಯಾರ ಕೈಯನ್ನೂ ಹಿಡಿಯದೆ ಏಳೋಣ.