ಜಗಲಿಗೆ ಒಪ್ಪುವ ಆಸನ
ರಾಮನಗರ ಸೀಮೆಯ ಹಳೆಯ ಮನೆಗಳ ಜಗಲಿಗೆ ಕುರ್ಚಿ ಬೇಕಿರಲಿಲ್ಲ. ಕಟ್ಟೆಯ ಮೇಲೆ ಹಾಸಿದ ಕಲ್ಲು ಚಪ್ಪಡಿಯೇ ಆಸನವಾಗಿತ್ತು. ಇಂದಿನ ಮನೆಗಳ ತೆರೆದ ಅಂಗಳಕ್ಕೂ ಅದನ್ನು ಮೀರಿಸುವ ವಸ್ತು ಕಡಿಮೆ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಭೂವಿಜ್ಞಾನದಲ್ಲಿ ಗುರುತಾಗಿರುವ ಇಲ್ಲಿನ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಮಳೆ, ಗೆದ್ದಲು ಎರಡಕ್ಕೂ ಅದು ಜಗ್ಗದು. ಆದರೆ ಪಡುವಣ ಬಿಸಿಲಿಗೆ ಕಾದ ಕಲ್ಲು ಕತ್ತಲಾದ ಮೇಲೂ ಬೆಚ್ಚಗೇ ಇರುತ್ತದೆ. ಹಾಗಾಗಿ ಕಲ್ಲುಬೆಂಚಿಗೆ ಮೂಡಣ ದಿಕ್ಕು ಅಥವಾ ಹೊಂಗೆಯ ನೆರಳು ಒಳ್ಳೆಯದು. ಒಮ್ಮೆ ಇಟ್ಟರೆ ಸರಿಸುವುದು ಕಷ್ಟವಾದ್ದರಿಂದ ಜಾಗವನ್ನು ಮೊದಲೇ ನಿಶ್ಚಯಿಸಬೇಕು. ಮರವೇ ಬೇಕೆಂದರೆ ಸಹಜ ಎಣ್ಣೆಯಂಶವಿರುವ ತೇಗ ಬಾಳಿಕೆ ಬರುತ್ತದೆ. ಕಾಲುಗಳು ನೀರಿನಲ್ಲಿ ನಿಲ್ಲದಂತೆ ಅಡಿಗೆ ಕಲ್ಲುಬಿಲ್ಲೆ ಇಡಬೇಕು. ಈ ಭಾಗದಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಹೆಚ್ಚು, ಗಾಳಿಯೊಡನೆ ಬಂದರೆ ಸೂರಿನಡಿಗೂ ಎರಚಲು ಹೊಡೆಯುತ್ತದೆ. ಬಿದಿರು ಹಗುರ, ಆದರೆ ನೆನೆದರೆ ಬೂಷ್ಟು ಹಿಡಿಯುತ್ತದೆ. ಕಬ್ಬಿಣಕ್ಕೆ ಆಗಾಗ ಬಣ್ಣ ಬಳಿಯಬೇಕು. ಪ್ಲಾಸ್ಟಿಕ್ ಬಿಸಿಲಿಗೆ ಬಿರುಕು ಬಿಡುತ್ತದೆ. ಚನ್ನಪಟ್ಟಣದ ಅರಗಿನ ಬಣ್ಣದ ಸ್ಟೂಲುಗಳ ವಿಷಯದಲ್ಲಂತೂ ವಿಶೇಷ ಎಚ್ಚರ ಬೇಕು. ತಿರುಗಣೆಯ ಮೇಲೆ ಸುತ್ತುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದಾಗ ಉಜ್ಜಾಟದ ಕಾವಿಗೆ ಕರಗಿ ಹತ್ತಿದ ಬಣ್ಣವದು. ಬಿರುಬಿಸಿಲು ಅದರ ಹೊಳಪನ್ನು ಕೆಡಿಸುತ್ತದೆ. ಒಳಗಿನ ಆಲೆ ಮರವೂ ಮೃದು. ಅಂಥ ಚೆಲುವಾದ ಕೆಲಸವನ್ನು ಅಂಗಳದಲ್ಲಿ ಬಿಡದೆ, ಸಂಜೆ ಜಗಲಿಗೆ ತಂದು ಬಳಸಿ ರಾತ್ರಿ ಒಳಗಿಡಬೇಕು.